ಎರಿ ಮಣ್ಣಾಗ ಮನಿ: ಬೀಮ್ ಕೆಳಗ 80 ಮಿಲಿಮೀಟರ್ ಖಾಲಿ ಇರಬೇಕ್ರಿ

ನಮಸ್ಕಾರ್ರಿ. ವಿಜಯಪುರದ ಹೊರಗ ಅದೀವಿ, ಎರಿ ಹೊಲ, ಅಂದ್ರ ಕರಿ ಮಣ್ಣಿನ ಹೊಲ, ಪ್ಲಾಟ್ ಆದ ಜಾಗಾದಾಗ. ವಿಡಿಯೋದಾಗ ನೆಲದ ಬಿರುಕು ಕಾಣಾಕತ್ತೈತಲ್ಲ, ಅದರಾಗ ಕೈ ಸಲೀಸ ಹೋಗತೈತಿ. ಮಳಿ ಬಿತ್ತಂದ್ರ ಇದ ಮುಚ್ಚಿಕೊಂಡು ಉಬ್ಬತೈತಿ, ಮ್ಯಾಲ ಇದ್ದ ಮನಿನೂ ಎತ್ತತೈತಿ. ಸೋಲಾರ್ ಹಾಕಿದ್ವಿ, ಬೂದಿ ಇಟ್ಟಂಗಿ ತಂದ್ವಿ, ನಮ್ಮದು ಪರಿಸರಸ್ನೇಹಿ ಮನಿ ಅಂತಾರ. ಹತ್ತು ವರ್ಷಕ್ಕ ಕಿಡಕಿ ಮೂಲಿಯಿಂದ ಓರಿ ಬಿರುಕು ಬಿಟ್ಟು ಕೆಡವೂ ಹಂಗಾದ್ರ ಅದೆಂಥಾ ಪರಿಸರಸ್ನೇಹಿ? ಹಾಕಿದ ಸಿಮೆಂಟು, ಕಬ್ಬಿಣ ಎಲ್ಲಾ ತಿಪ್ಪಿಗೆ.

ಈ ಎರಡು ಗಾಜಿನ ಅಳತಿ ಕೊಳವಿ ಮಣ್ಣಿನ ಪರೀಕ್ಷಾದ್ದು. ಒಣಗಿಸಿ 425 ಮೈಕ್ರಾನ್ ಜರಡಿ ಹಿಡಿದ ಮಣ್ಣು, ಒಂದೊಂದರಾಗ 10 ಗ್ರಾಂ. ಒಂದಕ್ಕ ಚಿಮಣಿ ಎಣ್ಣಿ, ಇನ್ನೊಂದಕ್ಕ ಡಿಸ್ಟಿಲ್ಡ್ ನೀರು, 100 ಮಿ.ಲೀ. ಗುರುತಿನ ತನಕ. ಕಲಕಿ ಗುಳ್ಳಿ ತಗದು 24 ತಾಸು ಬಿಡೂದು. ಎಣ್ಣ್ಯಾಗ ಮಣ್ಣು ಉಬ್ಬೂದಿಲ್ಲ. ಅಲ್ಲಿ ಮಣ್ಣು 10 ಮಿ.ಲೀ. ಗುರುತಿಗೆ, ನೀರಿನ್ಯಾಗ 17ಕ್ಕ ಬಂತಂದ್ರ ಉಬ್ಬು ಶೇಕಡಾ 70. ಐವತ್ತು ದಾಟಿದ್ರ ಸಾದಾ ಪಾಯದ ಮಾತು ಬಿಡ್ರಿ. ಇದು ಅಂದಾಜಿಗೆ ಮಾತ್ರ. ಡಿಸೈನ್ ಮಾಡಾಕ ಲ್ಯಾಬ್ ವರದಿನ ಬೇಕು.

ಐದಾರು ಅಡಿಗೆ ಗಟ್ಟಿ ಗರಸು ಸಿಗತಿತ್ತಂದ್ರ ಅಲ್ಲೀತನಕ ತೋಡಿ ಪಾಯಾ ಎಬ್ಬಿಸಿದ್ರ ಮುಗೀತು. ಇಲ್ಲಿ ಸಿಕ್ಕಿಲ್ಲ. ಅದಕ್ಕ ಅಂಡರ್‌ರೀಮ್ಡ್ ಪೈಲ್, ಅಂದ್ರ ನೆಲದಾಗ ತೂತು ಹೊಡದು ಹಾಕೂ, ಬುಡ ಬಲ್ಬಿನಂಗ ಉಬ್ಬಿದ ಕಾಂಕ್ರೀಟ್ ಕಂಬ, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥಾ ಮಣ್ಣಿಗಂತನ ತಂದದ್ದು. ಕಂಬ 30 ಸೆಂ.ಮೀ., ಬುಡದ ಬಲ್ಬ್ ಅದರ ಎರಡೂವರಿ ಪಟ್ಟು, ಅಂದ್ರ 75. ಆಳ ಕಡಿಮಿ ಅಂದ್ರೂ ಮೂರೂವರಿ ಮೀಟರ್, ಯಾಕಂದ್ರ ಮಳಿ-ಬಿಸಲಿಗೆ ಕುಣಿಯೂ ಮಣ್ಣು ಮ್ಯಾಲಿಂದ. ಬಲ್ಬ್ ತಳದ ಅಲುಗದ ಮಣ್ಣಾಗ ಕೂತು ಕಂಬಾ ಹಿಡಕೊಂತೈತಿ. ಮ್ಯಾಲಿನ ಮಣ್ಣು ಕಂಬಾನ್ನ ಮ್ಯಾಲಕ್ಕ ಜಗ್ಗತೈತಿ, ಹಿಂಗಾಗಿ ಕಬ್ಬಿಣ ಬುಡದ ತನಕ ಇಳೀಬೇಕು. ಅರ್ಧಕ್ಕ ನಿಲ್ಲಿಸಿದ್ರ ಕಂಬ ನಡುವ ಹರೀತೈತಿ. ತೂತು ಹೊಡದ ದಿನಾನ ಕಾಂಕ್ರೀಟ್ ಹಾಕ್ರಿ. ಬಿಟ್ರ ಬಲ್ಬಿನ ಗ್ವಾಡಿ ಕುಸೀತೈತಿ.

ಈಗ ಈ ಬೀಮ್ ನೋಡ್ರಿ. ನನಗ ಸಿಟ್ಟು ಬರೂದು ಇಲ್ಲೇ. ಪೈಲ್ ಎಲ್ಲಾ ಬರೋಬ್ಬರಿ, ಎಂಥಾ ಚಂದ ಕೆಲಸ! ಆದ್ರ ಪೈಲ್ ತಲಿ ಜೋಡಿಸಿ ಗ್ವಾಡಿ ಹೊರೂ ಪ್ಲಿಂತ್ ಬೀಮ್ ಕೆಳಗ, ನೆಲದ ಮ್ಯಾಲ ಬೆಡ್ ಕಾಂಕ್ರೀಟ್ ಸುರುವ್ಯಾರ, ಅದರ ಮ್ಯಾಲ ಬೀಮ್ ಕೂಡಿಸ್ಯಾರ. ಬೀಮ್ ನೆಲಕ್ಕ ತಾಗಲೇಬಾರದು, ಕೆಳಗ ಕಡಿಮಿ ಅಂದ್ರ 80 ಮಿ.ಮೀ. ಖಾಲಿ ಇರಬೇಕು, ಮಣ್ಣು ಉಬ್ಬಾಕ ಜಾಗಾ. ಈಗ ಮಣ್ಣು ಉಬ್ಬಿದ್ರ ಪೈಲ್ ಕೆಳಕ್ಕ ಹಿಡೀತೈತಿ, ಬೆಡ್ ಮ್ಯಾಲಕ್ಕ ನೂಕತೈತಿ, ಬೀಮ್ ನಡುವ ಮುರೀತೈತಿ. ಪೈಲಿಗೆ ಹಾಕಿದ ರೊಕ್ಕ ಪೂರಾ ದಂಡ. ‘ನೆಲಕ್ಕ ಆನಿಸಿದ್ರ ಗಟ್ಟಿ ಅಲ್ಲೇನ್ರಿ’ ಅಂತಾರ ಗೌಂಡಿಗಳು. ಬ್ಯಾರೆ ಮಣ್ಣಾಗ ಖರೇ, ಎರ್‍ಯಾಗ ಉಲ್ಟಾ. ಮೊದಲ ಉಸುಕಿನ ಹಾಸು ಹಾಕಿ ಎರಕ ಹೊಯ್ದು ಆಮ್ಯಾಲ ಬಳದು ತಗದಿದ್ರ ಅರ್ಧಾ ದಿನದ ಕೆಲಸ. ಈಗ ಹುಡುಗರು ಮಕ್ಕೊಂಡು ಉಳಿ-ಸುತಗಿ ಹಿಡದು ಕಡ್ಯಾಕತ್ತಾರ. ಉಸುಕು ತಗೀದ ಹಂಗ ಬಿಡೋರೂ ಅದಾರ, ಯಾರ್ ನೋಡ್ತಾರ ಅಂತ. ಮಣ್ಣು ನೋಡತೈತಿ. ಮಗ್ಗಲಿಗೆ ಒಂದು ಸಣ್ಣ ಇಟ್ಟಂಗಿ ಕಟ್ಟಿ ಕಟ್ಟಬೇಕು, ಬೀಮಿಗೆ ತಾಗದಂಗ. ಇಲ್ಲಂದ್ರ ಮಣ್ಣು ಜಾರಿ ಖಾಲಿ ಜಾಗಾ ತುಂಬತೈತಿ.

ನೆಲದ ಕೆಳಗೂ ಉಸುಕು ತುಂಬತೀವಿ ಅಂತಾರಲ್ಲ, ಬ್ಯಾಡ್ರಿ. ಉಸುಕು ನೀರು ಒಳಗ ಬಿಟ್ಟು ತಳದ ಎರಿಗೆ ಕುಡಸತೈತಿ. ಉಬ್ಬದ, ಸ್ವಲ್ಪ ಜಿಗುಟು ಇರೂ ಗರಸು ಒಂದು ಮೀಟರ್ ದಪ್ಪ, ಪದರ ಪದರ ನೀರು ಹಾಕಿ ಧಮ್ಮಸ್ ಮಾಡಿದ್ದು ಬೇಕು. ಮುಂಬೈ ಐಐಟಿಯ ಪ್ರೊಫೆಸರ್ ಆರ್. ಕೆ. ಕಟ್ಟಿಯವರು ಇದನ್ನ ಸಿದ್ಧ ಮಾಡಿ ತೋರಿಸಿದ್ದು ನಮ್ಮ ಮಲಪ್ರಭಾ ಕಾಲುವಿಯೊಳಗ.

ಡ್ರೋನ್ ಮ್ಯಾಲೇರಿತು. ಅಗಾ, ಗೋಳಗುಮ್ಮಟ. 1656ರಾಗ ಮುಗಿದದ್ದು, ಗುಮ್ಮಟದ ಹೊರ ಅಡ್ಡಳತಿ 44 ಮೀಟರ್, ಇಟ್ಟಂಗಿ-ಗಚ್ಚಿಂದು. ‘ಆಗಿನ ಮಂದಿ ಗಚ್ಚು ಗಟ್ಟಿ’ ಅಂತೀವಿ. ಗಚ್ಚು ಗಟ್ಟಿನ, ಆದ್ರ ಅವರು ಪಾಯಾ ಇಳಿಸಿದ್ದು ಕರಿಬಂಡಿಗೆ. ಬಂಡಿ ಉಬ್ಬೂದಿಲ್ಲ. ಇಬ್ರಾಹಿಂ ರೋಜಾದ ಕಡೆ ತಿರುಗಿಸೋಣ ಅಂದ್ರ ಬ್ಯಾಟರಿ ಮುಗ್ಯಾಕ ಬಂತು. ಇಳಿಸ್ಪಾ, ಇಳಿಸು.

ಸುತ್ತ ಈ ಗೂಟ ಹೊಡದದ್ದು ಏಪ್ರನ್, ಅಂದ್ರ ಮನಿ ಸುತ್ತ ನೀರು ಇಳಿಯದಂಗ ಹಾಕೂ ಹಾಸಿನ ಗೆರಿ, ಗ್ವಾಡಿಯಿಂದ 2 ಮೀಟರ್, ಇಳಿಜಾರು ಹೊರಗ. ಗ್ವಾಡಿ ಬುಡ ವರ್ಷಪೂರ್ತಿ ಒಂದ ನಮೂನಿ ಇದ್ರ ಮಣ್ಣು ಸುಮ್ಮನ ಇರತೈತಿ. ಬಚ್ಚಲ ನೀರು ಬುಡಕ್ಕ ಬಿಟ್ರ ಅಲ್ಲಷ್ಟ ಉಬ್ಬತೈತಿ. ಬೇವಿನ ಗಿಡಾ ಬಾಜೂಕ ಹಚ್ಚಿದ್ರ ಬೇರು ನೀರು ಹೀರಿ ಅಲ್ಲಷ್ಟ ಕುಸೀತೈತಿ. ಗಿಡ ಬೆಳದು ಎಷ್ಟು ಎತ್ತರ ಆಗತೈತೋ ಅಷ್ಟು ದೂರ ಹಚ್ಚರಿ. ನೆಳ್ಳು ಬೇಕಂದ್ರ ಬಳ್ಳಿ ಹಬ್ಬಿಸ್ರಿ.

ಮಾಳಿಗಿ ನೀರೂ ಅಷ್ಟ. ಇಲ್ಲಿ ವರ್ಷಕ್ಕ ಸುಮಾರು 600 ಮಿ.ಮೀ. ಮಳಿ. 100 ಚದರ ಮೀಟರ್ ಮಾಳಿಗಿಗೆ ಬೀಳೂದು 60,000 ಲೀಟರ್. ಅಷ್ಟೂ ನಾಕು ಪೈಪಿನ್ಯಾಗ ನಾಕು ಮೂಲಿಗೆ ಸುರದ್ರ ಮನಿ ನಾಕೂ ಮೂಲಿ ಎದ್ದು ಕುಂದರತಾವ. ಟಾಕಿಗೆ ಒಯ್ಯಿರಿ. ಆದ್ರ ಆ ಟಾಕಿ ಸೋರಬಾರದು, ಏಪ್ರನ್ನಿನ ಆಚೆ ಇರಬೇಕು.

ಬೂದಿ ಇಟ್ಟಂಗಿಗೆ ಮೊದಲ ಬೈದೆ ಅಲ್ಲಾ? ಇಟ್ಟಂಗಿದೇನು ತಪ್ಪಿಲ್ರಿ. ಕೂಡಗಿ ವಿದ್ಯುತ್ ಸ್ಥಾವರ ನಮ್ಮ ಜಿಲ್ಲಾದಾಗ ಐತಿ, ಬೂದಿ ದೂರದಿಂದ ತರೂ ಮಾತಿಲ್ಲ. ಗ್ವಾಡಿ ತಾಪ ತಡೀಬೇಕಂದ್ರ ಇಟ್ಟಂಗಿ ಅಂಚಿನ ಮ್ಯಾಲ ನಿಲ್ಲಿಸಿ ನಡುವ ಪೊಳ್ಳು ಬಿಡೂ ರ್‍ಯಾಟ್‌ಟ್ರ್ಯಾಪ್ ಕಟ್ಟು ಛಲೋ, ಕಾಲುಭಾಗ ಇಟ್ಟಂಗಿನೂ ಉಳೀತಾವ. ಅದಕ್ಕ ಅಂಚು ಸಮ ಇರೂ ಇಟ್ಟಂಗಿನ ಬೇಕು.

ಅಗಾ, ಬೆಡ್ಡಿನ ತುಂಡು ಹೊರಗ ಬಂತು. 80ರ ಕಟಗಿ ತುಂಡು ತಗೊಂಡ್ ಬಾ ತಮ್ಮಾ, ಬೀಮ್ ಕೆಳಗ ಈ ತುದಿಯಿಂದ ಆ ತುದಿ ಜಗ್ಗಿ ನೋಡು. ಸಿಕ್ಕೊಂಡ್ರ ಅಲ್ಲಿ ಇನ್ನೂ ಕಡೀಬೇಕು.