ತರಗೆಲೆಯೊಳಗೆ ಅಡಗಿದ ಸಾಗವಾನಿ ಪತಂಗ

ಕೇಳುಗರಿಗೆ ಶರಣು ಶರಣಾರ್ಥಿ.

ಮಿರಗದ ಮಳೆ ಬಿದ್ದು ಸಾಗವಾನಿ ಚಿಗುರುವ ಹೊತ್ತಿನಲ್ಲಿ ಚಿಂಚೋಳಿ ಅಭಯಾರಣ್ಯದ ಅಂಚಿನ ನೆಡುತೋಪಿಗೆ ಹೋಗಿದ್ದೆ. ಕಾಲಿನ ಹತ್ತಿರ ತರಗೆಲೆಯ ಚೂರೊಂದು ಎದ್ದು ಹಾರಿತು. ಹಾರುವಾಗ ಕಪ್ಪು, ಕಿತ್ತಳೆ ಬಣ್ಣ. ಎರಡು ಮಾರು ಆಚೆ ಕೂತದ್ದೇ ತಡ, ಮತ್ತೆ ತರಗೆಲೆ! ಎಷ್ಟು ಹುಡುಕಿದರೂ ಸಿಗಲಿಲ್ಲ.

ಅದು ಸಾಗವಾನಿ ಎಲೆ ತಿನ್ನುವ ಪತಂಗ, ಹೈಬ್ಲಿಯಾ ಪ್ಯೂರಾ. ರೆಕ್ಕೆ ಬಿಚ್ಚಿದರೆ ಮೂರು ನಾಲ್ಕು ಸೆಂಟಿಮೀಟರ್ ಅಗಲ. ಮುಂದಿನ ರೆಕ್ಕೆಗಳು ಒಣಗಿದ ಎಲೆಯ ಕಂದು ಬಣ್ಣದವು. ಕೂತಾಗ ಅವು ಹಿಂದಿನ ಬಣ್ಣದ ರೆಕ್ಕೆಗಳನ್ನು ಪೂರಾ ಮುಚ್ಚಿಬಿಡುತ್ತವೆ. ಹಾಗಾಗಿ ಇದನ್ನು ಗುರುತಿಸಬೇಕಾದರೆ ಹಾರುವ ಆ ಗಳಿಗೆಯನ್ನೇ ಹಿಡಿಯಬೇಕು.

ಇದರ ಮರಿಹುಳವನ್ನು ಗುರುತಿಸುವುದು ಸುಲಭ. ಹೆಣ್ಣು ಪತಂಗ ಎಳೆ ಎಲೆಗಳ ಮೇಲೆ ಒಂದೊಂದಾಗಿ 500ರಷ್ಟು ಮೊಟ್ಟೆ ಇಡುತ್ತದೆ. ಎರಡು ದಿನಕ್ಕೆ ಮರಿ ಹೊರಬರುತ್ತದೆ. ಸ್ವಲ್ಪ ಬಲಿತ ಮೇಲೆ ಅದು ಎಲೆಯ ಅಂಚನ್ನು ಕತ್ತರಿಸಿ, ಮಡಚಿ, ತನ್ನದೇ ನೂಲಿನಿಂದ ಬಿಗಿದು ಒಳಗೆ ಕೂರುತ್ತದೆ. ಆ ಮಡಿಕೆ ಬಿಚ್ಚಿ ನೋಡಿ, ಕಪ್ಪು ಮಿಶ್ರಿತ ಹಸಿರು ಹುಳ ಸಿಗುತ್ತದೆ. ನಾಲ್ಕು ಸಲ ಪೊರೆ ಕಳಚಿ, ಹತ್ತು ಹನ್ನೆರಡು ದಿನಕ್ಕೆ ಬೆಳೆದು, ನೂಲು ಹಿಡಿದು ನೆಲಕ್ಕಿಳಿಯುತ್ತದೆ. ತರಗೆಲೆಯ ಕೆಳಗೆ ಕೋಶವಾಗಿ ಒಂದು ವಾರ ಮಲಗುತ್ತದೆ. ಅಷ್ಟರಲ್ಲಿ, ಅಂದರೆ ಸುಮಾರು ಮೂರು ವಾರಕ್ಕೆ, ಹೊಸ ಪತಂಗ.

ಸಾಗವಾನಿಗೆ ಇನ್ನೊಂದು ಹುಳವೂ ಬೀಳುತ್ತದೆ. ಅದು ನರಗಳನ್ನೆಲ್ಲ ಬಿಟ್ಟು ನಡುವಿನ ಹಸಿರನ್ನಷ್ಟೇ ಮೇಯುವುದರಿಂದ ಎಲೆ ಜರಡಿಯಂತಾಗುತ್ತದೆ. ನಮ್ಮ ಹುಳ ದಪ್ಪ ನರಗಳನ್ನು ಮಾತ್ರ ಉಳಿಸುತ್ತದೆ. ತಿಂದ ಎಲೆ ಕೈಯಲ್ಲಿದ್ದರೆ ಯಾರದೀ ಕೆಲಸವೆಂದು ಹೇಳಬಹುದು.

ಬೋಳಾದ ತೋಪು ಕಂಡು ಹೊಲದ ಬದುವಿನಲ್ಲಿ ಸಾಗವಾನಿ ಹಚ್ಚಿದವರು ಗಾಬರಿಯಾಗುತ್ತಾರೆ. ಮರ ಸಾಯುವುದಿಲ್ಲ. ಆದರೆ ನಷ್ಟ ಸಣ್ಣದಲ್ಲ: ಕೇರಳದ ನಿಲಂಬೂರಿನಲ್ಲಿ ಹುಳ ಬಿದ್ದ ಎಳೆ ತೋಪುಗಳ ಮರದ ಬೆಳವಣಿಗೆ 44 ಶೇಕಡಾ ಕಡಿಮೆಯಾದದ್ದನ್ನು ಅಳೆದಿದ್ದಾರೆ. ಹಾಗೆಂದು ಕಾಡಿನ ತೋಪಿಗೆ ಔಷಧ ಹೊಡೆಯಬೇಕೆಂದು ನನಗನ್ನಿಸುವುದಿಲ್ಲ. ಹುಳವನ್ನು ತಿನ್ನುವ ಕಾಜಾಣ, ಗೊರವಂಕ ಅಲ್ಲೇ ಇವೆ. ಹುಳಕ್ಕೇ ತಗಲುವ ವೈರಸ್ಸೂ ಇದೆ.

ಕೆಲವು ವಾರ ಕಳೆದು ಅದೇ ತೋಪಿಗೆ ಮತ್ತೆ ಹೋದೆ. ಬೋಳು ಟೊಂಗೆಗಳ ತುದಿಯಲ್ಲಿ ಕೆಂಪು ಚಿಗುರು ಬಂದಿತ್ತು.

ಶರಣು.