ಕಳ್ಳ ಬಿಲ್ ಹಿಡಿದುಕೊಟ್ಟವರಿಗೆ ಕಾವಲು ಯಾರು?

ನಮಸ್ಕಾರ್ರಿ. ಉದ್ಯೋಗ ಖಾತ್ರಿಯ ಒಂದು ಕೃಷಿ ಹೊಂಡ ತಗೊಳ್ರಿ. ಮ್ಯಾಲ 12 ಮೀಟರ್ ಉದ್ದ, 12 ಅಗಲ, 3 ಆಳ. ಎಂಬಿ ಅಂದ್ರ ಕಾಮಗಾರಿ ಅಳತಿ ಬರೆಯೋ ಪುಸ್ತಕದಾಗ ಮೂರನ್ನೂ ಗುಣಿಸಿ 432 ಘನ ಮೀಟರ್ ಅಂತ ಬರೆದಿದ್ರ ಕಳವು ಅಲ್ಲೇ ಅದ. ನಮ್ಮ ಎರಿ ಮಣ್ಣಾಗ ಹೊಂಡದ ಗ್ವಾಡಿ ನೆಟ್ಟಗ ನಿಲ್ಲಂಗಿಲ್ಲ, ಇಳಿಜಾರು ಬಿಡಲೇಬೇಕು. 1ಕ್ಕೆ 1 ಇಳಿಜಾರು, ಅಂದ್ರ ಒಂದು ಮೀಟರ್ ಆಳಕ್ಕ ಒಂದು ಮೀಟರ್ ಒಳಗ, ಹಿಡಿದ್ರೂ ತಳ 6 ಬೈ 6 ಆಗ್ತದ, ಅಗೆದ ಮಣ್ಣು 252 ಘನ ಮೀಟರ್. ಉಳಿದ 180 ಘನ ಮೀಟರ್ ಯಾರೂ ಅಗೆದಿಲ್ಲ, ಬಿಲ್ ಮಾತ್ರ ಎತ್ಯಾರ. ಅದಕ್ಕ ಟೇಪು ಹಿಡಿದು ಹೋದವರು ತಳ ಅಳೀಲೇಬೇಕು. ನೀರು ತುಂಬಿದ ಮ್ಯಾಲ ಅಳತಿ ಸಿಗಂಗಿಲ್ಲ. ಕೂಲಿಯವರ ಬದಲು ಮಷಿನ್ ಅಗೆದದ್ದಕ್ಕ ಸಾಕ್ಷಿಯಾಗೋ ಜೆಸಿಬಿ ಹಲ್ಲಿನ ಗೀರುಗಳ ಫೋಟೋನೂ ಮಳಿ ಬರೋದರಾಗ ತೆಗೀರಿ.

ಆಮ್ಯಾಲ ಎನ್‌ಎಂಆರ್, ಅಂದ್ರ ಕೂಲಿಯವರ ಹಾಜರಿ ಪಟ್ಟಿ. ಪುಣೆಕ್ಕೋ ಬೆಂಗಳೂರಿಗೋ ದುಡಿಯಾಕ ಹೋದವರ ಹೆಸರು ಆಳಂದದ ಕೆಲಸದಾಗ ಬಂದದೇನು ನೋಡ್ರಿ. ಹಾಜರಿ ಆ್ಯಪ್‌ನಾಗ ಹಳೇ ಫೋಟೋದ ಫೋಟೋ ಹೊಡೆದು ಹಾಕೋದು, ಒಬ್ಬರ ಮುಖ ಬ್ಯಾರೆ ಬ್ಯಾರೆ ಎನ್‌ಎಂಆರ್‌ನಾಗ ಬರೋದು, ಇವನ್ನೆಲ್ಲ ಕೇಂದ್ರ ಸರ್ಕಾರವೇ 2025ರ ಜುಲೈನಾಗ ಪಟ್ಟಿ ಮಾಡಿ ರಾಜ್ಯಗಳಿಗೆ ಬರೆದದ.

ಮೊದಲೇ ದೂರು ಕೊಡಬ್ಯಾಡ್ರಿ. ದೂರು ಮುಟ್ಟಿದ ರಾತ್ರಿಯೇ ಮಷಿನ್ ಬಂದು ಹೊಂಡ ಸರಿ ಮಾಡಿ ಹೋಗ್ತದ. ಮೊದಲು ಕಾಗದ ತಗೋರಿ. ಆರ್‌ಟಿಐ ಅರ್ಜಿ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ರ ಅದೂ ಇಲ್ಲ. ನಮ್ಮ ರಾಜ್ಯದಾಗ ಒಂದೇ ವಿಷಯ, 150 ಪದದೊಳಗ. ವರ್ಕ್ ಕೋಡ್ (ಆ ಕಾಮಗಾರಿಯ ನಂಬರ್) ಬರೆದು ಎಸ್ಟಿಮೇಟ್, ಎನ್‌ಎಂಆರ್, ಎಂಬಿ ಪುಟದ ದೃಢೀಕೃತ ಪ್ರತಿ ಕೇಳ್ರಿ. ‘ಯಾಕೆ ಹೀಗಾಯ್ತು’ ಅಂತ ಕೇಳಬ್ಯಾಡ್ರಿ, ಅದನ್ನೇ ನೆಪ ಮಾಡಿ ಅರ್ಜಿ ತಿರುಗಿ ಕಳಿಸ್ತಾರ. ಕಾಯ್ದೆಯ 2(ಜೆ) ಪ್ರಕಾರ ಕಾಮಗಾರಿ ಕಣ್ಣಾರೆ ನೋಡೋ ಹಕ್ಕೂ ಅದ. 30 ದಿನದಾಗ ಉತ್ತರ ಬರಲಿಲ್ಲಂದ್ರ ಮೇಲ್ಮನವಿ ಹಾಕ್ರಿ.

ಇಷ್ಟೆಲ್ಲ ಮಾಡಿದವರಿಗೆ ಕಾಯ್ದೆ ಏನು ಕೊಡ್ತದ? ಅಮೆರಿಕಾದಾಗ 1863ರಿಂದ ಫಾಲ್ಸ್ ಕ್ಲೇಮ್ಸ್ ಆ್ಯಕ್ಟ್ ಅದ. ಸರ್ಕಾರಕ್ಕ ಮೋಸ ಮಾಡಿದವರ ಮ್ಯಾಲ ಸಾಮಾನ್ಯ ಮನುಷ್ಯನೇ ಸರ್ಕಾರದ ಪರ ದಾವೆ ಹಾಕಬಹುದು. ಆ ದಾವೆ ಕಡಿಮೆ ಅಂದ್ರ 60 ದಿನ ಸೀಲಾಗಿರ್ತದ, ಅಂದ್ರ ಕೋರ್ಟಿನಾಗ ಗುಟ್ಟಾಗಿರ್ತದ, ಎದುರಾಳಿಗೆ ಸುಳಿವೇ ಇರಂಗಿಲ್ಲ. ಗೆದ್ರ ನಷ್ಟದ ಮೂರು ಪಟ್ಟು ವಸೂಲಿ, ವಸೂಲಾದದ್ದರಾಗ 15ರಿಂದ 30 ಪರ್ಸೆಂಟ್ ದಾವೆ ಹಾಕಿದವರಿಗೆ.

ನಮ್ಮಲ್ಲಿ? ಹೆದ್ದಾರಿ ಕಾಮಗಾರಿಯ ಅಕ್ರಮ ಬರೆದು, ಹೆಸರು ಗುಟ್ಟಾಗಿಡ್ರಿ ಅಂತ ಬೇಡಿಕೊಂಡ ಎಂಜಿನಿಯರ್ ಸತ್ಯೇಂದ್ರ ದುಬೆ 2003ರಾಗ ಗಯಾದಾಗ ಕೊಲೆಯಾದ್ರು. ಅದಾದ ಮ್ಯಾಲ ದೂರುದಾರರ ಹೆಸರು ಗುಟ್ಟಾಗಿಡೋ ಕೇಂದ್ರ ಸರ್ಕಾರದ 2004ರ ನಿರ್ಣಯ ಬಂತು, ಅದು ಕೇಂದ್ರದ ನೌಕರರ ಮ್ಯಾಲಿನ ದೂರಿಗಷ್ಟೇ. 2014ರಾಗ ಸಂಸತ್ತು ವಿಷಲ್ ಬ್ಲೋವರ್ಸ್ (ಅಕ್ರಮ ಬಯಲಿಗೆ ತರೋರ) ರಕ್ಷಣಾ ಕಾಯ್ದೆ ಪಾಸು ಮಾಡ್ತು, ರಾಷ್ಟ್ರಪತಿ ಅಂಕಿತವೂ ಬಿತ್ತು, ಜಾರಿಗೆ ಮಾತ್ರ ತರಲಿಲ್ಲ. ಇದು ಮರೆವು ಅಲ್ರಿ. ಜಾರಿ ದಿನಾಂಕ ಹೊರಡಿಸಾಕ ಒಂದು ಅಧಿಸೂಚನೆ ಸಾಕಿತ್ತು. ಆ ಕಾಯ್ದೆಯಾಗೂ ವಸೂಲಿಯ ಪಾಲು ಇಲ್ಲ. ಕಾಗದ ಹುಡುಕೋ ಖರ್ಚು, ಕೂಲಿ ಬಿಟ್ಟು ಕಚೇರಿ ಅಲೆಯೋದು, ಊರಿನ ಹಗೆ, ಎಲ್ಲಾ ದೂರುದಾರರ ತಲಿ ಮ್ಯಾಲೇ. ನಮ್ಮ ವಿಧಾನಸಭೆ ಪಡಿತರ, ಖಾತ್ರಿ, ಬೆಳೆ ವಿಮೆಗಾದರೂ ಸೀಲ್ ಮಾಡಿದ ದೂರು ಮತ್ತು ವಸೂಲಿ ಪಾಲಿನ ಕಾಯ್ದೆ ತರಲೇಬೇಕು.

ಅಲ್ಲೀತನಕ ದೂರಿಗೆ ಒಬ್ಬರೇ ಸಹಿ ಹಾಕಬ್ಯಾಡ್ರಿ. ಜಾಬ್ ಕಾರ್ಡ್ ಇದ್ದ ಹತ್ತು ಮಂದಿ ಸಹಿ ಹಾಕಿ, ಒಂದು ಪ್ರತಿ ಜಿಲ್ಲಾ ಪಂಚಾಯತ್ ಸಿಇಒಗೆ, ಒಂದು ಖಾತ್ರಿ ದೂರು ವಿಚಾರಿಸೋ ಓಂಬುಡ್ಸ್‌ಮನ್‌ಗೆ ಕೊಡ್ರಿ. ನಿಮ್ಮ ಪ್ರತಿ ಮ್ಯಾಲ ಸ್ವೀಕೃತಿ ಸಿಕ್ಕಾ ಹಾಕಿಸಿಕೊಳ್ಳದೇ ಕಚೇರಿ ಬಿಟ್ಟು ಬರಬ್ಯಾಡ್ರಿ.