ಏಕವಚನ ಬೇಡವೆಂದ ಸಿಪಾಯಿಗಳು

ನಮಸ್ಕಾರ. ಇವತ್ತು ರಷ್ಯಾದ ಕೆಂಪು ಸೇನೆಯ ಹುಟ್ಟಿನ ಬಗ್ಗೆ ಮಾತನಾಡುತ್ತೇನೆ. ಆದರೆ ಮಾತು ಶುರುವಾಗಬೇಕಾದದ್ದು ಒಂದು ಏಕವಚನದಿಂದ.

1917ರ ಮಾರ್ಚ್‌ನಲ್ಲಿ ಪೆಟ್ರೋಗ್ರಾಡ್ ಸೋವಿಯತ್, ಅಂದರೆ ರಾಜಧಾನಿಯ ಕಾರ್ಮಿಕರು ಮತ್ತು ಸಿಪಾಯಿಗಳು ಆರಿಸಿದ ಪ್ರತಿನಿಧಿ ಸಭೆ, ತನ್ನ ಮೊದಲ ಆಜ್ಞೆ ಹೊರಡಿಸಿತು. ಅಧಿಕಾರಿಗಳು ಸಿಪಾಯಿಗಳನ್ನು ಏಕವಚನದಲ್ಲಿ ಕರೆಯಕೂಡದು ಎಂದು ಅದರಲ್ಲಿ ಬರೆದಿತ್ತು. 'ನೀನು', 'ನೀವು' ನಡುವಿನ ಅವಮಾನ ಎಂಥದೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕೇ? ಆಯುಧಗಳೂ ಸಿಪಾಯಿಗಳೇ ಆರಿಸಿದ ಸಮಿತಿಗಳ ವಶಕ್ಕೆ ಬಂದವು. ವರ್ಷದ ಕೊನೆಗೆ, ಕ್ರಾಂತಿಯಿಂದ ಅಧಿಕಾರಕ್ಕೆ ಬಂದ ಲೆನಿನ್‌ರ ಬೋಲ್ಶೆವಿಕ್ ಸರ್ಕಾರ ದರ್ಜೆಗಳನ್ನೇ ರದ್ದು ಮಾಡಿ, ಕಮಾಂಡರನನ್ನು ಚುನಾಯಿಸುವ ಹಕ್ಕು ಕೊಟ್ಟಿತು.

ಆ ಹಕ್ಕು ಆರು ತಿಂಗಳೂ ಬಾಳಲಿಲ್ಲ.

1918ರ ಜನವರಿಯಲ್ಲಿ ಸ್ವಯಂಸೇವಕರ ಕೆಂಪು ಸೇನೆ ಘೋಷಣೆಯಾಯಿತು. ಜರ್ಮನ್ನರು ನುಗ್ಗಿ ಬಂದಾಗ ತಡೆಯುವವರೇ ಇರಲಿಲ್ಲ. ಪತ್ರಕರ್ತನಾಗಿದ್ದ, ಸೇನಾ ತರಬೇತಿಯೇ ಇಲ್ಲದ ಬೋಲ್ಶೆವಿಕ್ ನಾಯಕ ಟ್ರಾಟ್ಸ್ಕಿ ಮಾರ್ಚ್‌ನಲ್ಲಿ ಯುದ್ಧ ಖಾತೆ ವಹಿಸಿಕೊಂಡರು. ಕಮಾಂಡರುಗಳ ಚುನಾವಣೆ ನಿಂತಿತು. ಮೇ ತಿಂಗಳಲ್ಲಿ ಕಡ್ಡಾಯ ಸೇವೆ ಬಂತು. ಝಾರ್ ಚಕ್ರವರ್ತಿಯ ಕಾಲದ ಅಧಿಕಾರಿಗಳನ್ನು ಮತ್ತೆ ಕರೆಸಿದರು. ಬೋಲ್ಶೆವಿಕರಿಗೂ ಅವರ ವಿರೋಧಿಗಳಿಗೂ ನಡೆದ ಅಂತರ್ಯುದ್ಧ ಮುಗಿಯುವ ಹೊತ್ತಿಗೆ ಅಂಥವರು ಸುಮಾರು 48,000. ಅವರ ಪಕ್ಕದಲ್ಲೊಬ್ಬ ಕಮಿಸಾರ್, ಅಂದರೆ ಅವರ ಮೇಲೆ ಕಣ್ಣಿಡುವ ರಾಜಕೀಯ ಪ್ರತಿನಿಧಿ; ಅವನ ಸಹಿ ಬೀಳದೆ ಆದೇಶ ಹೊರಡುವಂತಿರಲಿಲ್ಲ. ಅಧಿಕಾರಿ ಶತ್ರುಪಾಳಯ ಸೇರಿದರೆ ಅವನ ಮನೆಯವರನ್ನು ಬಂಧಿಸಬೇಕೆಂಬ ಆಜ್ಞೆಯೂ ಬಂತು. ಹೆಂಡತಿ ಮಕ್ಕಳನ್ನು ಒತ್ತೆಯಿಟ್ಟು ಪಡೆದ ನಿಷ್ಠೆ ಅದು! ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಸೇನೆ ಬೇಕಿರಲಿಲ್ಲ ಎಂದು ನಾನು ಹೇಳುವುದಿಲ್ಲ. 1918ರ ಆಗಸ್ಟ್‌ನಲ್ಲಿ ಕಜಾನ್ ನಗರ ಬೋಲ್ಶೆವಿಕರ ಕೈತಪ್ಪಿ ವಿರೋಧಿಗಳ ಪಾಲಾಗಿತ್ತು. ವೋಲ್ಗಾ ದಡದ ಸ್ವಿಯಾಜ್ಸ್ಕ್‌ನಲ್ಲಿ ಟ್ರಾಟ್ಸ್ಕಿ ಸೇನೆಯನ್ನು ನಡೆಸುತ್ತಿದ್ದ ರೈಲು ನಿಲ್ಲದೇ ಹೋಗಿದ್ದರೆ ಮಾಸ್ಕೋದ ಗತಿ ಏನಾಗುತ್ತಿತ್ತೋ. ಆದರೆ ಅಲ್ಲಿಯೇ, ಓಡಿಹೋದ ರೆಜಿಮೆಂಟಿನ ಕಮಾಂಡರ್, ಕಮಿಸಾರ್ ಮತ್ತು ಕೆಲವು ಸಿಪಾಯಿಗಳನ್ನು ಗುಂಡಿಟ್ಟು ಕೊಂದರು. ರಣರಂಗದ ಮರಣದಂಡನೆಯನ್ನು ತೆಗೆದುಹಾಕುತ್ತೇವೆಂದು ಅಧಿಕಾರಕ್ಕೆ ಬಂದ ದಿನವೇ ಸಾರಿದ್ದವರು ಇವರೇ. ಶಿಸ್ತು ಬೇರೆ, ಹೆದರಿಕೆ ಬೇರೆ. ಹೆದರಿಕೆಯಿಂದ ಕಟ್ಟಿದ ಸೇನೆ ಯಾರ ಮೇಲೆ ಬೇಕಾದರೂ ತಿರುಗುತ್ತದೆ.

ತಿರುಗಿತು ಕೂಡ. 1921ರ ಮಾರ್ಚ್‌ನಲ್ಲಿ ಹೆಪ್ಪುಗಟ್ಟಿದ ಫಿನ್ಲೆಂಡ್ ಕೊಲ್ಲಿಯ ಮೇಲೆ, ಮಂಜಿನಲ್ಲಿ ಕಾಣಿಸದಂತೆ ಬಿಳಿ ನಿಲುವಂಗಿ ತೊಟ್ಟ ಕೆಂಪು ಸಿಪಾಯಿಗಳು ಸರ್ಕಾರದ ವಿರುದ್ಧ ದಂಗೆಯೆದ್ದಿದ್ದ ಕ್ರಾನ್‌ಸ್ಟಾಟ್ ನೌಕಾನೆಲೆಯತ್ತ ನಡೆದರು. ಮುನ್ನಡೆಸಿದವರು ತುಖಾಚೆವ್ಸ್ಕಿ, ಝಾರನ ಕಾವಲು ಪಡೆಯ ಹಳೆಯ ಅಧಿಕಾರಿ. ಎದುರಿಗಿದ್ದದ್ದು, 1917ರಲ್ಲಿ ಕ್ರಾಂತಿಯ ಹೆಮ್ಮೆಯೆಂದು ಹೊಗಳಿಸಿಕೊಂಡಿದ್ದ ನೆಲೆ. ಆ ನಾವಿಕರ ಬೇಡಿಕೆಗಳಲ್ಲಿ ಮೊದಲನೆಯದು, ಗುಪ್ತ ಮತದಾನದ ಮೂಲಕ ಸೋವಿಯತ್‌ಗಳಿಗೆ ಹೊಸ ಚುನಾವಣೆ.